ಹುಳ ಇವತ್ತು ಎಲ್ಲಿಗೆ ಹೋಗಿತ್ತು

ಹವ್ಯಾಸ ಅಂದಮೇಲೆ ಅದು ನೆರೆಹೊರೆಯವರಿಗೆ ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂತಿರಬೇಕು. ಗುಲಾಬಿ ಬೆಳೆಸುತ್ತೇನೆ, ಅಂಚೆಚೀಟಿ ಕೂಡಿಡುತ್ತೇನೆ, ಸಂಜೆ ಹೊತ್ತು ಇಸ್ಪೀಟು ಆಡುತ್ತೇನೆ ಎಂದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಇಸ್ಪೀಟಿನವನನ್ನು ಬೈಯುತ್ತಾರೆ, ನಿಜ. ಆದರೆ ಅರ್ಥವಾಗಿ ಬೈಯುತ್ತಾರೆ. ನನ್ನನ್ನು ಯಾರೂ ಬೈಯಲೂ ಇಲ್ಲ. ಬೈಯಬೇಕಾದರೆ ಮೊದಲು ವಿಷಯ ಏನೆಂದು ಗೊತ್ತಾಗಬೇಕಲ್ಲ. ನಾನು ಹುಳ ಮಾಡುತ್ತಿದ್ದೆ. ಮಕ್ಕಳಾಡುವ ಮಣ್ಣಿನ ಹುಳ ಅಲ್ಲ, ಕೀ ಕೊಟ್ಟರೆ ಓಡುವ ಪ್ಲಾಸ್ಟಿಕ್ಕಿನದೂ ಅಲ್ಲ. ಬಿಸಿಲು ಬಿದ್ದರೆ ತಾನೇ ನಡೆಯುವ, ಬಿಸಿಲು ಹೋದರೆ ಎಲ್ಲಿದೆಯೋ ಅಲ್ಲೇ ನಿಲ್ಲುವ, ತಂತಿ ಕಾಲಿನ ಹುಳ. ನಾನು ಇದನ್ನು ಓದಿ ಕಲಿತ ಪತ್ರಿಕೆಯವರು ಅದನ್ನು ರೋಬೋಟ್ ಎಂದು ಕರೆದಿದ್ದರು. ಆ ಮಾತನ್ನು ನಮ್ಮ ಬೀದಿಯಲ್ಲಿ ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ.

ಎದುರು ಮನೆಯ ಪುಟ್ಟತಾಯಮ್ಮ ಒಂದು ದಿನ ಸಾಸಿವೆ ಕೇಳಲು ಬಂದವರು ನೆಲದ ಮೇಲಿದ್ದ ಅದನ್ನು ನೋಡಿ ಸೀರೆ ಎತ್ತಿಕೊಂಡು ನಿಂತರು.

"ಅದೇನಪ್ಪ ಅದು?"

"ಹುಳ ಕಣಮ್ಮ."

"ದಿಟವಾದ ಉಳ್ವಾ?"

"ಅಲ್ಲ, ನಾನೇ ಮಾಡಿದ್ದು."

"ಏನ್ ಮಾಡ್ತದೆ?"

"ನಡೀತದೆ."

"ನಡ್ದು?"

ಆ "ನಡ್ದು?" ಎಂಬುದಕ್ಕೆ ನಾನು ಹುಳವನ್ನು ಎತ್ತಿ ಅವರ ಕಾಲಿನಿಂದ ದೂರ ಇಟ್ಟೆ. ಪುಟ್ಟತಾಯಮ್ಮ ಸಾಸಿವೆ ಇಸಿದುಕೊಂಡು, ಹೋಗುವಾಗ ನನ್ನ ಹೆಂಡತಿಯ ಭುಜ ಮುಟ್ಟಿ, ಯಾರದೋ ಕಾಯಿಲೆ ವಿಚಾರಿಸಿದ ಹಾಗೆ ಮೆಲ್ಲಗೆ ಏನೋ ಹೇಳಿ ಹೋದರು.

ನನ್ನ ಸಂಬಳದ ಕೆಲಸ ಇದಕ್ಕೆ ತೀರಾ ದೂರದ್ದೇನಲ್ಲ. ನಂಜನಗೂಡಿನಲ್ಲಿ ಬಾಡಿಗೆ ಮನೆ, ಹತ್ತಿರದ ತಾಂಡ್ಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಮೆಂಟೆನೆನ್ಸ್ ವಿಭಾಗದಲ್ಲಿ ನೌಕರಿ. ನಿಂತ ಯಂತ್ರವನ್ನು ಓಡಿಸುವುದು ನನ್ನ ಪಾಲಿಗೆ ಬಂದ ಕೆಲಸ. ಯಂತ್ರ ಓಡುತ್ತಿರುವಾಗ ನಮ್ಮ ಮುಖ ಯಾರಿಗೂ ಬೇಡ. ನಿಂತಾಗ ಮಾತ್ರ "ಎಲ್ಲಿ ಸತ್ತ ಅವನು" ಎಂದು ಹುಡುಕುತ್ತಾರೆ. ಹೀಗೆ ವರ್ಷಗಟ್ಟಲೆ ಕೆಟ್ಟದ್ದನ್ನೇ ನೋಡಿ ನೋಡಿ ನನ್ನ ಮುಖವೂ ಕೆಟ್ಟ ಯಂತ್ರದ ಹಾಗೇ ಆಗಿದೆ ಎಂದು ನನ್ನ ಹೆಂಡತಿ ಮಂಗಳಾ ಮದುವೆಯಾದ ಹೊಸದರಲ್ಲೇ ಹೇಳಿದ್ದಳು. ಆ ಕಾಲದಲ್ಲಿ ಅವಳು ಹಾಗೆಲ್ಲ ಹೇಳುತ್ತಿದ್ದಳು, ನಾನೂ ನಗುತ್ತಿದ್ದೆ.

ನಮ್ಮ ಕಾರ್ಖಾನೆಯಲ್ಲಿ ಒಂದು ಪ್ಯಾಕಿಂಗ್ ಯಂತ್ರ ಇತ್ತು. ಅದಕ್ಕೊಂದು ಕಣ್ಣು. ಕಣ್ಣೆಂದರೆ, ಬೆಲ್ಟಿನ ಮೇಲೆ ಡಬ್ಬಿ ಬಂತೇ ಇಲ್ಲವೇ ಎಂದು ಬೆಳಕಿನಿಂದ ಕಂಡುಹಿಡಿಯುವ ಒಂದು ಗಾಜಿನ ಗುಂಡಿ. ಪ್ರತಿ ವರ್ಷ ಆಯುಧಪೂಜೆಯ ದಿನ ಎಲ್ಲ ಯಂತ್ರಗಳನ್ನೂ ತೊಳೆದು, ಬಾಳೆಕಂದು ಕಟ್ಟಿ, ವಿಭೂತಿ ಕುಂಕುಮ ಇಡುತ್ತಾರಲ್ಲ, ಆಗ ಯಾರಾದರೂ ಒಬ್ಬ ಪುಣ್ಯಾತ್ಮ ಆ ಗಾಜಿನ ಗುಂಡಿಯ ಮೇಲೇ ಕುಂಕುಮ ಇಡುತ್ತಿದ್ದ. ಇಡಲು ಅಷ್ಟು ಲಕ್ಷಣವಾದ, ಗುಂಡನೆಯ ಜಾಗ ಆ ಯಂತ್ರದಲ್ಲಿ ಬೇರೆ ಇರಲಿಲ್ಲ ಎನ್ನುವುದೂ ನಿಜವೇ. ರಜೆ ಮುಗಿದು ಯಂತ್ರ ಚಾಲು ಮಾಡಿದರೆ ಹೊರಡುತ್ತಿರಲಿಲ್ಲ. ನನ್ನನ್ನು ಕರೆಸುತ್ತಿದ್ದರು. ನಾನು ಹೋಗಿ, ಚಿಂದಿಬಟ್ಟೆಯಲ್ಲಿ ಒರೆಸಿ, ಅದನ್ನು ಓಡಿಸಿ, ಆಮೇಲೆ ಸುತ್ತ ನಿಂತವರಿಗೆ ಒಂದು ಭಾಷಣ ಬಿಗಿಯುತ್ತಿದ್ದೆ. "ಭಕ್ತಿ ಇರಬೇಕು ಕಣ್ರಯ್ಯಾ, ಬೇಡ ಅನ್ನಲ್ಲ. ಆದ್ರೆ ಎಲ್ಲಿಡಬೇಕು ಅನ್ನೋ ಬುದ್ಧಿನೂ ಇರಬೇಕು." ಪ್ರತಿ ವರ್ಷ ಅದೇ ಭಾಷಣ. ಕೊನೆಕೊನೆಗೆ ಹುಡುಗರು ನನಗಿಂತ ಮೊದಲು ಅದನ್ನು ಹೇಳಿ ಮುಗಿಸುತ್ತಿದ್ದರು.

ಈಗ ಹುಳದ ವಿಷಯಕ್ಕೆ ಬರುತ್ತೇನೆ. ಬರುವ ಮೊದಲು ಇನ್ನೊಂದು ವಿಷಯ ಹೇಳಲೇಬೇಕು. ಅದನ್ನು ಬಿಟ್ಟು ಹೇಳಲು ಎಷ್ಟೋ ಸಲ ನೋಡಿದ್ದೇನೆ, ಕಥೆ ಸರಿಯಾಗುವುದಿಲ್ಲ. ಮಂಗಳಾಳ ತವರು ತಿರುಮಕೂಡಲು ನರಸೀಪುರ. ಚೊಚ್ಚಲ ಹೆರಿಗೆಗೆಂದು ಅವಳನ್ನು ಅಲ್ಲಿಗೆ ಕಳಿಸಿದ್ದೆವು. ಮಗು ಉಳಿಯಲಿಲ್ಲ. ಯಾರ ತಪ್ಪೂ ಅಲ್ಲ ಎಂದರು. ತಪ್ಪು ಯಾರದಾದರೂ ಆಗಿದ್ದರೆ ಸಿಟ್ಟನ್ನಾದರೂ ಮಾಡಬಹುದಿತ್ತು. ತೊಟ್ಟಿಲು ಹೊತ್ತುಕೊಂಡು ಬರಬೇಕಿದ್ದ ಬಸ್ಸಿನಲ್ಲಿ ನಾವಿಬ್ಬರೂ ಒಂದು ಬಟ್ಟೆಯ ಬ್ಯಾಗು ಇಟ್ಟುಕೊಂಡು ಬಂದೆವು. ನನಗೆ ಅಳು ಬಂದಿತ್ತು. ಗಂಡಸು ಬಸ್ಸಿನಲ್ಲಿ ಅಳುವುದೆಂತು ಎಂದು ಕಿಟಕಿಯ ಕಡೆ ತಿರುಗಿ ಕೂತೆ. ಅವಳು ಅದನ್ನು, ಇವನಿಗೆ ನನ್ನ ಮುಖ ನೋಡಲು ಇಷ್ಟವಿಲ್ಲ ಎಂದು ತಿಳಿದಳೋ ಏನೋ.

ಆಮೇಲೆ ಮನೆಯಲ್ಲಿ ಮಾತು ನಿಂತಿತು. ಜಗಳವೇನೂ ಇಲ್ಲ. ಜಗಳಕ್ಕೂ ನಾಲ್ಕು ಮಾತು ಬೇಕು. "ಊಟ?" "ಹ್ಞೂಂ." "ನಲ್ಲಿ ಬಂತಾ?" "ಬಂತು." ಇಷ್ಟರಲ್ಲಿ ಒಂದು ದಿನ ಕಳೆದುಹೋಗುತ್ತಿತ್ತು. ಅವಳನ್ನು ನಗಿಸಬೇಕೆಂದು ನಾನು ಎರಡು ಮೂರು ಸಲ ಕಾರ್ಖಾನೆಯ ತಮಾಷೆಗಳನ್ನು ಹೇಳಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡು, "ಸಾರಿಗೆ ಉಪ್ಪು ಸಾಕಾ?" ಎಂದಳು. ಕೆಟ್ಟ ಯಂತ್ರವಾದರೆ ಮುಚ್ಚಳ ಬಿಚ್ಚಿ ಒಳಗೆ ಮೀಟರ್ ಹಿಡಿದು ನೋಡಬಹುದು. ಮನೆಗೆ ಎಲ್ಲಿಂದ ಮೀಟರ್ ಹಿಡಿಯುವುದು?

ಹೀಗಿರುವಾಗ ಒಂದು ಮಧ್ಯಾಹ್ನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿದೆ. ಮೇಜಿನ ಮೇಲೆ ಹಾಸಿದ್ದ ಹಳೆಯ ಇಂಗ್ಲಿಷ್ ಎಲೆಕ್ಟ್ರಾನಿಕ್ಸ್ ಪತ್ರಿಕೆಯ ಹಾಳೆಯಲ್ಲಿ ಈ ಹುಳದ ಚಿತ್ರ ಇತ್ತು. ಡಬ್ಬಿ ಸರಿಸಿ ಓದಿದೆ. ಯಾವನೋ ಪರದೇಶದವನು, ಕಂಪ್ಯೂಟರ್ ಬೇಡ, ದುಬಾರಿ ಸಾಮಾನು ಬೇಡ, ಗುಜರಿಗೆ ಹಾಕುವ ಟೇಪ್‌ರೆಕಾರ್ಡರಿನಲ್ಲಿ ಸಿಗುವ ಸಾಮಾನಿನಲ್ಲೇ ಒಂದು ಜೀವಿಯನ್ನು ಮಾಡಬಹುದು ಎಂದು ಬರೆದಿದ್ದ. ಅದಕ್ಕೆ ತಲೆ ಇಲ್ಲ. ಬೆನ್ನ ಮೇಲೊಂದು ಸೋಲಾರ್ ಪ್ಲೇಟು, ಹೊಟ್ಟೆಯಲ್ಲೊಂದು ಕೆಪಾಸಿಟರು, ಎರಡು ಟ್ರಾನ್ಸಿಸ್ಟರು, ಒಂದು ಮೋಟಾರು. ಸಣ್ಣಗೆ ಬರುವ ನಲ್ಲಿಗೆ ಬಿಂದಿಗೆ ಇಟ್ಟು, ತುಂಬಿದ ಕೂಡಲೇ ಒಂದೇ ಸಲಕ್ಕೆ ಸುರಿದ ಹಾಗೆ ಅದರ ಕೆಲಸ: ಬಿಸಿಲಿನಿಂದ ಬಂದ ಚೂರುಪಾರು ಕರೆಂಟನ್ನು ಕೂಡಿಟ್ಟುಕೊಳ್ಳುತ್ತಾ ಸುಮ್ಮನೆ ಕೂತಿರುತ್ತದೆ, ತುಂಬಿತು ಅಂದಕೂಡಲೇ ಮೋಟಾರು ಒಂದು ಗಿರಕಿ ಹೊಡೆದು ಹುಳ ಒಂದು ಬೆರಳಷ್ಟು ಮುಂದೆ ಹಾರುತ್ತದೆ. ಮತ್ತೆ ಕೂರುತ್ತದೆ. ದಿನವಿಡೀ ಇಷ್ಟೇ. ನಮ್ಮಂಥವರ ಸಂಸಾರಕ್ಕೂ ಇದಕ್ಕೂ ಬಹಳ ವ್ಯತ್ಯಾಸ ನನಗೆ ಕಾಣಲಿಲ್ಲ.

ಸಾಮಾನಿಗೆ ದೂರ ಹೋಗಬೇಕಾಗಿರಲಿಲ್ಲ. ಮಂಗಳಾಳ ತಮ್ಮ ಮಹದೇವು ನರಸೀಪುರದಲ್ಲಿ ರೇಡಿಯೋ ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ ಇಟ್ಟಿದ್ದ. ಆಗ ಟೇಪು ಹೋಗಿ ಸಿ.ಡಿ. ಬರುತ್ತಿದ್ದ ಕಾಲ, ರಿಪೇರಿಗೆಂದು ಕೊಟ್ಟವರು ವಾಪಸ್ಸು ಒಯ್ಯಲು ಬಾರದೆ ಅವನ ಅಂಗಡಿಯ ಅಟ್ಟ ಸತ್ತ ವಾಕ್‌ಮನ್ನುಗಳಿಂದ ತುಂಬಿತ್ತು. ನಾನು ಹೋಗಿ ಮೋಟಾರು, ಕೆಟ್ಟ ಕ್ಯಾಲ್ಕುಲೇಟರುಗಳ ಸೋಲಾರ್ ಪಟ್ಟಿ ಕೇಳಿದಾಗ ಅವನು ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟ.

"ಬಾವ, ಇದ್ರಲ್ಲಿ ಏನ್ ಮಾಡೀರಿ?"

"ನಡೆಯೋ ಹುಳ ಕಣೋ."

"ಎಲ್ಗೋಯ್ತದೆ ಅದು?"

"ಬಿಸಿಲಿದ್ದ ಕಡೆ."

ಮಹದೇವು ನನ್ನ ಮುಖ ನೋಡಿದ. ಅಕ್ಕ ಹೇಗಿದ್ದಾಳೆ ಎಂದು ಕೇಳಬೇಕೆಂದಿದ್ದ, ನನಗೆ ಗೊತ್ತಾಯಿತು. ಕೇಳಲಿಲ್ಲ. "ತಕಳಿ, ಎಷ್ಟ್ ಬೇಕೋ ತಕಳಿ ಬಾವ," ಎಂದು ಅಟ್ಟಕ್ಕೆ ಏಣಿ ಹಾಕಿಕೊಟ್ಟ.

ನನ್ನ ಮೊದಲನೆಯ ಹುಳ ನಡೆಯಲೇ ಇಲ್ಲ. ಎರಡನೆಯದು ನಡೆಯಿತು, ಆದರೆ ಹಿಂದಕ್ಕೆ. ಮೂರನೆಯದಕ್ಕೆ ಕಾಲುಗಳು ಸರಿಹೋಗದೆ ನಾನು ತಂತಿ ಬಗ್ಗಿಸುತ್ತಾ ಶಾಪ ಹಾಕುತ್ತಾ ಕೂತಿದ್ದಾಗ, ಅಡುಗೆಮನೆಯಿಂದ ಬಂದ ಮಂಗಳಾ ತನ್ನ ತುರುಬಿನಿಂದ ಎರಡು ಹೇರ್‌ಪಿನ್ನು ಕಿತ್ತು ನನ್ನ ಮುಂದಿಟ್ಟು ಹೋದಳು. ಹೇರ್‌ಪಿನ್ನಿನ ಕಾಲು ನೆಲಕ್ಕೆ ಕಚ್ಚಿ ನಿಂತಿತು. ಯುಗಾದಿಯ ಹೊತ್ತಿಗೆ ಹುಳ ನಡೆಯಿತು. ನಾನು ಅದನ್ನು ಅವಳಿಗೋಸ್ಕರ ಮಾಡಿದೆ ಎಂದು ಯಾರಿಗೂ ಹೇಳಿರಲಿಲ್ಲ, ಅವಳಿಗಂತೂ ಹೇಳಲಿಲ್ಲ. ಮನೆಯಲ್ಲಿ ಹಗಲು ಹೊತ್ತು ಏನಾದರೊಂದು ಅಲ್ಲಾಡುತ್ತಿರಲಿ ಎಂದಷ್ಟೇ ನನ್ನ ಆಸೆ.

ನಮ್ಮದು ಹೆಂಚಿನ ಮನೆ. ನಡುಮನೆಯ ಮೇಲೆ ಒಂದು ಗಾಜಿನ ಬೆಳಕಿಂಡಿ. ಬೆಳಿಗ್ಗೆ ಬೀರುವಿನ ಹತ್ತಿರ ಬೀಳುವ ಚೌಕ ಬಿಸಿಲು ಮಧ್ಯಾಹ್ನಕ್ಕೆ ನಡುಮನೆ ದಾಟಿ ಸಂಜೆಗೆ ಅಡುಗೆಮನೆ ಬಾಗಿಲ ಅಕ್ಕಿಮೂಟೆಯ ಮೇಲೆ ಹತ್ತಿ ಮಾಯವಾಗುತ್ತದೆ. ಹುಳವನ್ನು ಆ ಬಿಸಿಲು ಬೀಳುವ ಜಾಗದಲ್ಲಿಟ್ಟು, ಬಿಸಿಲು ಬರುವ ಮೊದಲೇ ನಾನು ಕಾರ್ಖಾನೆಯ ಬಸ್ಸು ಹತ್ತುತ್ತಿದ್ದೆ. ವಾಪಸ್ಸು ಬರುವಾಗ ಕತ್ತಲು. ಇದು ನನ್ನ ಹಣೆಬರಹದ ಚೋದ್ಯ ನೋಡಿ: ಬಿಸಿಲಿದ್ದಾಗ ಮಾತ್ರ ನಡೆಯುವ ಪ್ರಾಣಿಯನ್ನು ಮಾಡಿದವನು ಬಿಸಿಲಿದ್ದಾಗ ಮನೆಯಲ್ಲೇ ಇರುವುದಿಲ್ಲ. ಹಾಗಾಗಿ ಒಂದು ಸಂಜೆ ಬೂಟು ಬಿಚ್ಚುತ್ತಾ ಕೇಳಿದೆ: "ಹುಳ ಇವತ್ತು ಎಲ್ಲಿಗೆ ಹೋಗಿತ್ತು?"

ಮಂಗಳಾ ಯೋಚಿಸಿದಳು. "ನಿಮ್ಮ ಹುಳ ಬೀರುವಿಂದ ಹೊರಟು ಮಂಚದ ಕಾಲ್ತಾವ ಬಂತು. ಅಲ್ಲಿ ತಗಲಾಕ್ಕೊಂಡು ಒದ್ದಾಡ್ತು. ನಾನೇ ಬಿಡಿಸ್ದೆ."

ಒಂದೇ ಉಸಿರಿಗೆ ಮೂರು ವಾಕ್ಯ. ತಿಂಗಳುಗಟ್ಟಲೆ ನಾನು ಅವಳ ಬಾಯಿಂದ ಅಷ್ಟು ಕೇಳಿರಲಿಲ್ಲ. ಮಾರನೆಯ ದಿನವೂ ಕೇಳಿದೆ, ಅದರ ಮರುದಿನವೂ ಕೇಳಿದೆ. ಬರಬರುತ್ತಾ ಅದು ನಮ್ಮ ಮನೆಯ ಸಂಜೆಯ ಪದ್ಧತಿಯಾಯಿತು. ನಾನು ಕಾಫಿ ಲೋಟ ಹಿಡಿದು ಕೂರುವುದು, ಅವಳು ಬಾಗಿಲಿಗೊರಗಿ ಹೇಳುವುದು. "ನಿಮ್ಮ ಹುಳ" ಎನ್ನುತ್ತಿದ್ದವಳು ಯಾವಾಗಲೋ "ನಮ್ಮ ಹುಳ" ಎಂದಳು. ನಾನು ಗಮನಿಸಿದೆ, ಗಮನಿಸದವನ ಹಾಗೆ ಕಾಫಿ ಕುಡಿದೆ.

ಆ ವರ್ಷ ಆಯುಧಪೂಜೆಗೆ ಮನೆಯಲ್ಲಿ ಸೈಕಲ್ಲು, ಹೊಲಿಗೆ ಯಂತ್ರ, ಈಳಿಗೆಮಣೆ, ನನ್ನ ಸ್ಕ್ರೂಡ್ರೈವರುಗಳು, ಎಲ್ಲವನ್ನೂ ಸಾಲಾಗಿ ಜೋಡಿಸಿದಾಗ ಮಂಗಳಾ ಹುಳವನ್ನೂ ತಂದು ಕೊನೆಯಲ್ಲಿಟ್ಟಳು. "ಇದೂ ದುಡಿತದಲ್ಲ," ಎಂದಳು. ನನಗೆ ಬಹಳ ಸಂತೋಷವಾಯಿತು. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇದು ಎಲ್ಲದಕ್ಕೂ ಮೂರು ಬೆರಳಲ್ಲಿ ಎಳೆದು, ಹುಳದ ಬೆನ್ನ ಮೇಲೆ ಮೂರು ಬೆರಳು ಹಿಡಿಸುವಷ್ಟು ಜಾಗವಿಲ್ಲದ್ದರಿಂದ ಊದುಬತ್ತಿ ಕಡ್ಡಿಯನ್ನು ಅದ್ದಿ ನಾಜೂಕಾಗಿ ಮೂರು ಗೆರೆ ಎಳೆದೆ. ಗೆರೆಗಳು ಒಂದಕ್ಕೊಂದು ಕೂಡಿಕೊಂಡವು. ನಡುವೆ ಒಂದು ಕುಂಕುಮದ ಬೊಟ್ಟಿಟ್ಟು ಇಬ್ಬರೂ ಕೈಮುಗಿದೆವು.

ದಸರಾ ಕಳೆದದ್ದೇ ಕಾರ್ಖಾನೆಯಲ್ಲಿ ಗಾಳಿ ಬದಲಾಯಿತು. ಆರ್ಡರು ಕಮ್ಮಿ ಎಂದು ನಮ್ಮ ವಿಭಾಗದ ಅರ್ಧ ಜನರನ್ನು ಮನೆಗೆ ಕಳಿಸಿದರು. ಉಳಿದವರು ಅವರ ಕೆಲಸವನ್ನೂ ಹೊರಬೇಕು. ಭಾನುವಾರ ಯಂತ್ರಗಳಿಗೆ ರಜೆ, ಆದ್ದರಿಂದ ಅವನ್ನು ಬಿಚ್ಚಿ ನೋಡುವ ನಮಗೆ ಅಂದೇ ಕೆಲಸ. ಕ್ಯಾಂಟೀನಿನಲ್ಲಿ ಎಲ್ಲರೂ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಮುಂದಿನ ಸಲ ಯಾರ ಹೆಸರು ಎಂದು ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ನಾನು ಮಾತ್ರ ಸಂಜೆಗೆ ಕಾಯುತ್ತಿದ್ದೆ. ಏಕೆಂದರೆ ನಮ್ಮ ಮನೆಯ ಹುಳ ಅದೇ ಸಮಯಕ್ಕೆ ಸರಿಯಾಗಿ ಅದ್ಭುತವಾಗಿ ನಡೆಯತೊಡಗಿತ್ತು.

"ಇವತ್ತು ಇರುವೆ ಸಾಲು ಬಂತು ಕಣ್ರೀ," ಎಂದಳು ಮಂಗಳಾ ಒಂದು ದಿನ. "ಇವನು ನಡೂ ದಾರೀಲಿ ನಿಂತ್ಬಿಟ್ಟ. ಎಲ್ಲಾ ದಾಟಿ ಹೋದ್ಮೇಲೆ ಹೊರಟ." ಹುಳ ಆಗಲೇ "ಇವನು" ಆಗಿತ್ತು. ಇನ್ನೊಂದು ದಿನ ಪುಟ್ಟತಾಯಮ್ಮನ ಬೆಕ್ಕು ಬಂದು ಎದುರಿಗೆ ಕೂತಿತಂತೆ. ಇವನೂ ಅಲ್ಲಾಡಲಿಲ್ಲ, ಅದೂ ಅಲ್ಲಾಡಲಿಲ್ಲ. ಕೊನೆಗೆ ಬೆಕ್ಕಿಗೇ ಬೇಜಾರಾಗಿ ಆಕಳಿಸಿ ಎದ್ದುಹೋಯಿತಂತೆ. ಮತ್ತೊಂದು ದಿನ ಪೊರಕೆಯ ಮೇಲೆ ಸಿಟ್ಟು ಬಂದು ಅದಕ್ಕೆ ಬೆನ್ನು ತಿರುಗಿಸಿ ಕೂತನಂತೆ. ಹೇಳುವಾಗ ಅವಳು ಕೈಯಾಡಿಸುತ್ತಿದ್ದಳು. ಬೆಕ್ಕಿನ ಆಕಳಿಕೆಯನ್ನು ಮಾಡಿ ತೋರಿಸಿದಳು. ನಾನು ನಕ್ಕೆ, ಅವಳೂ ನಕ್ಕಳು. ನಗು ಮುಗಿದ ಮೇಲೆ ಇಬ್ಬರಿಗೂ ಸ್ವಲ್ಪ ಭಯವಾಯಿತು.

ನನ್ನ ಜಂಬದ ಬಗ್ಗೆ ಈಗ ಹೇಳಿಬಿಡಬೇಕು. ಇಷ್ಟೆಲ್ಲ ಕೇಳಿದ ಮೇಲೆ ನಾನು ಸುಮ್ಮನಿರಲಿಲ್ಲ. ಕ್ಯಾಂಟೀನಿನಲ್ಲಿ ಸಿದ್ಧಾಂತ ಮಂಡಿಸತೊಡಗಿದೆ. "ಬೆಕ್ಕಿನ ನೆರಳು ಬೆನ್ನ ಮೇಲೆ ಬಿತ್ತು, ಕರೆಂಟು ಇಳೀತು, ಹುಳ ನಿಂತಿತು. ಭಯ ಅಂದ್ರೆ ಇನ್ನೇನು? ನೆರಳು ಬಿದ್ದಾಗ ನಿಲ್ಲೋದೇ ಭಯ," ಎಂದೆ. ನೌಕರಿ ಹೋಗುವ ಭಯದಲ್ಲಿದ್ದವರಿಗೆ ಇದು ತಟ್ಟನೆ ಅರ್ಥವಾಯಿತು. ಇರುವೆಗೆ ದಾರಿ ಬಿಟ್ಟದ್ದಕ್ಕೆ ನನ್ನಲ್ಲಿ ವಿವರಣೆ ಇರಲಿಲ್ಲ. ಆದರೂ ಒಂದನ್ನು ಕೊಟ್ಟೆ. ಎರಡೇ ಟ್ರಾನ್ಸಿಸ್ಟರಿನಲ್ಲಿ ದಯೆ ಹುಟ್ಟಿದೆ ಎಂದು ಆ ಪತ್ರಿಕೆಗೆ ಬರೆದು ತಿಳಿಸಬೇಕೆಂದೂ ಯೋಚಿಸಿದ್ದೆ. ನರಸೀಪುರಕ್ಕೆ ಹೋದಾಗ ಮಹದೇವುಗೆ ಹೇಳಿದೆ. ಅವನು, "ಬಾವ, ನಾನೂ ಎರಡ್ ಟ್ರಾನ್ಸಿಸ್ಟರ್ ರೇಡಿಯೋ ಭಾಳ ರಿಪೇರಿ ಮಾಡಿವ್ನಿ. ಒಂದೂ ಯಾರ್ಗೂ ದಾರಿ ಬುಟ್ಟಿದ್ದ ನಾ ಕಾಣೆ," ಎಂದ. ಅಸೂಯೆ ಇರಬೇಕೆಂದುಕೊಂಡೆ.

ಅಪರೂಪಕ್ಕೆ ಒಂದು ಭಾನುವಾರ ರಜೆ ಸಿಕ್ಕಾಗ ಹುಳವನ್ನು ಕಣ್ಣಾರೆ ನೋಡೋಣವೆಂದರೆ ಮಂಗಳಾ ಅದನ್ನು ದಿನಾ ಸಂಜೆ ಎತ್ತಿಡುತ್ತಿದ್ದ ಶೋಕೇಸಿನಿಂದ ತೆಗೆಯಲು ಬಿಡಲಿಲ್ಲ. "ಇವನಿಗೂ ವಾರಕ್ಕೊಂದು ರಜ ಬೇಡ್ವಾ?" ಎಂದಳು. ಎಂಥ ಸೊಗಸಾದ ಮಾತು ಎಂದು ನಾನು ಮೆಚ್ಚಿಕೊಂಡು ಮಲಗಿ ನಿದ್ದೆ ಮಾಡಿದೆ. ಶೋಕೇಸಿನ ಗಾಜಿನೊಳಗೆ, ಬಳೆಗಳ ಪಕ್ಕದಲ್ಲಿ, ಬೆನ್ನ ಮೇಲೆ ಬೆಳ್ಳಗೆ ವಿಭೂತಿ ಹೊತ್ತು ಕೂತಿರುತ್ತಿದ್ದ ಅದನ್ನು ನಾನು ದಿನಾ ಸಂಜೆ ನೋಡುತ್ತಿದ್ದೆ. ಒಂದೆರಡು ಸಲ ಕೈಮುಗಿದದ್ದೂ ಉಂಟು.

ಅವರೆಕಾಯಿಯ ಕಾಲ. ಒಂದು ಬೆಳಿಗ್ಗೆ ಬಸ್ಸಿಳಿದರೆ ಕಾರ್ಖಾನೆಯ ಗೇಟು ಹಾಕಿತ್ತು. ಕಚ್ಚಾಮಾಲು ಬಂದಿಲ್ಲ, ಇವತ್ತು ಕೆಲಸವಿಲ್ಲ, ಎಲ್ಲರೂ ಹೋಗಿ ಎಂದು ವಾಚ್‌ಮನ್ನು ಹೇಳಿದ. ಇದು ಯಾವುದರ ಮುನ್ಸೂಚನೆ ಎಂದು ಎಲ್ಲರಿಗೂ ಗೊತ್ತಿತ್ತು. ಊಟದ ಡಬ್ಬಿಯನ್ನು ಹಾಗೇ ಹಿಡಿದು ವಾಪಸ್ಸು ನಡೆದೆ. ಮನಸ್ಸು ಕಲ್ಲಿನ ಹಾಗಿತ್ತು. ಒಂದೇ ಸಮಾಧಾನ: ಇವತ್ತು ಹುಳ ನಡೆಯುವುದನ್ನು ನೋಡಬಹುದು.

ಮನೆಯ ಬಾಗಿಲು ಓರೆಯಾಗಿತ್ತು. ಬೂಟು ಬಿಚ್ಚಿ ಒಳಗೆ ಕಾಲಿಡಬೇಕು, ಆಗ ಮಂಗಳಾಳ ಧ್ವನಿ ಕೇಳಿ ನಿಂತೆ. ಅವಳು ಬಾಗಿಲಿಗೆ ಬೆನ್ನು ಮಾಡಿ ನಡುಮನೆಯಲ್ಲಿ ಕೂತು ನೆನೆಹಾಕಿದ ಅವರೆಕಾಳು ಹಿತುಕುತ್ತಿದ್ದಳು. ಪಕ್ಕದಲ್ಲಿ ಬಿಸಿಲಿನ ಚೌಕ, ಚೌಕದ ಅಂಚಿನಲ್ಲಿ ಹುಳ. ಹುಳ ನಡೆಯುತ್ತಿರಲಿಲ್ಲ. ಒಳ್ಳೆಯ ಬಿಸಿಲು, ಕಾದು ನೋಡಿದೆ, ಮಿಸುಕಲಿಲ್ಲ. ಚೌಕ ಸ್ವಲ್ಪ ಮುಂದೆ ಸರಿಯಿತು. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಒಂದು ಬೆರಳಿನಿಂದ ಹುಳವನ್ನು ಹಿಂದಿನಿಂದ ಮೆಲ್ಲಗೆ ತಳ್ಳಿ ಬಿಸಿಲಿಗೆ ತಂದಳು. "ಬಿಸ್ಲು ಈ ಕಡೆ ಬಂತಲ್ಲ, ಬಾ," ಎಂದಳು. "ನಿಧಾನ. ಬೀಳ್ಬೇಡ." ಮತ್ತೆ ನಾಲ್ಕು ಕಾಳು ಹಿತುಕಿದಳು. "ಸಂಜೆ ಅವರು ಬತ್ತಾರೆ. ಇವತ್ತು ಎಲ್ಲಿಗೆ ಹೋಗಿದ್ದೆ ಅನ್ನಣ? ಯೋಚ್ನೆ ಮಾಡು."

ಆಗ ನನ್ನ ಕಣ್ಣಿಗೆ ಬಿದ್ದದ್ದು ಅದರ ಬೆನ್ನು. ಬಿಸಿಲಿನಲ್ಲಿ ವಿಭೂತಿ ಸುಣ್ಣ ಬಳಿದ ಗೋಡೆಯ ಹಾಗೆ ಹೊಳೆಯುತ್ತಿತ್ತು. ಸೋಲಾರ್ ಪ್ಲೇಟಿನ ಒಂದು ಚೂರೂ ಕಾಣುತ್ತಿರಲಿಲ್ಲ. ಅಂದರೆ ಆಯುಧಪೂಜೆಯ ದಿನದಿಂದ ಹುಳ ಒಂದು ಹೆಜ್ಜೆ ನಡೆದಿಲ್ಲ. ಪ್ರತಿ ವರ್ಷ ಕಾರ್ಖಾನೆಯಲ್ಲಿ ಭಾಷಣ ಬಿಗಿಯುವ ಈ ಮಹಾನುಭಾವನೇ, ಊದುಬತ್ತಿ ಕಡ್ಡಿಯಲ್ಲಿ ನಾಜೂಕಾಗಿ, ಅದರ ಕಣ್ಣು ಮುಚ್ಚಿದ್ದ. ದಯೆ, ಭಯ, ಇರುವೆ, ಬೆಕ್ಕು, ನನ್ನ ಸಿದ್ಧಾಂತಗಳು ಎಲ್ಲವೂ ಅವರೆಕಾಳು ಹಿತುಕುತ್ತಾ ಅವಳು ಕಟ್ಟಿದ್ದವು.

ಒಳಗೆ ಹೋಗಲಿಲ್ಲ. ಬೂಟನ್ನು ಕೈಯಲ್ಲಿ ಹಿಡಿದು ನನ್ನದೇ ಮನೆಯಿಂದ ಕಳ್ಳನ ಹಾಗೆ ಆಚೆ ಬಂದೆ. ಪುಟ್ಟತಾಯಮ್ಮ ನೋಡಿದರು, ಅವರಿಗೆ ನನ್ನಿಂದ ಇನ್ನು ಆಶ್ಚರ್ಯವಾಗುವಂಥದ್ದೇನೂ ಉಳಿದಿರಲಿಲ್ಲ. ಕಪಿಲಾ ಹೊಳೆಯ ಮೆಟ್ಟಿಲ ಮೇಲೆ ಹೋಗಿ ಕೂತೆ. ಹೊತ್ತು ನೆತ್ತಿಗೇರಿದಾಗ ಡಬ್ಬಿ ಬಿಚ್ಚಿ ಹೊಳೆಯ ಮೀನಿಗೆ ಹಾಕಿದೆ. ಹುಳವನ್ನು ನಾನು ಅವಳಿಗಾಗಿ ಮಾಡಿದ್ದೆ. ಹುಳ ನಿಂತಾಗ ಅವಳು ಅದನ್ನು ನನಗಾಗಿ ನಡೆಸಿದ್ದಳು. ಕೆಲಸ ಹೋಗುವ ಭಯದಲ್ಲಿ ಬೂಟು ಬಿಚ್ಚುತ್ತಾ ನಾನು ಕೇಳುತ್ತಿದ್ದ ಆ ಒಂದು ಪ್ರಶ್ನೆಗೆ "ಇಲ್ಲ, ಅದು ಸತ್ತುಹೋಯ್ತು" ಎಂಬ ಉತ್ತರ ಕೊಡಲು ಅವಳಿಗೆ ಆಗಲಿಲ್ಲ. ಆ ಮಾತನ್ನು ಒಂದು ಸಲ ಅವಳು ನನಗೆ ಹೇಳಿದ್ದಳಲ್ಲ, ನರಸೀಪುರದಲ್ಲಿ. ಮತ್ತೊಂದು ಸಲ ಹೇಳಲಾರಳು. ಬಸ್ಸಿನಲ್ಲಿ ಅಳದೆ ಉಳಿಸಿಕೊಂಡಿದ್ದು ಅಲ್ಲಿ ಬಂತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು, ಪಾಪ ಯಾರದೋ ಬೂದಿ ಬಿಡಲು ಬಂದಿದ್ದಾನೆ ಎಂದುಕೊಂಡಿರಬೇಕು. ಒಬ್ಬಳು ನೀರು ಕೊಟ್ಟಳು.

ಸಂಜೆ ಎಂದಿನ ಹೊತ್ತಿಗೆ ಮನೆಗೆ ಹೋದೆ. ಅಂದು ಇವನು ಅವರೆಸಿಪ್ಪೆಯ ಗುಡ್ಡ ಹತ್ತಿ ಇಳಿದದ್ದನ್ನು ಕೇಳಿದೆ. ಅವಳು ಸ್ನಾನದ ಮನೆಗೆ ಹೋದಾಗ, ನಿಂತ ಯಂತ್ರ ಕಂಡರೆ ಕೈ ಕಟ್ಟಿ ಕೂರಲಾರದ ಹಾಳು ಚಾಳಿ ನೋಡಿ, ಒದ್ದೆ ಬಟ್ಟೆಯಲ್ಲಿ ಅದರ ಬೆನ್ನನ್ನು ಚೆನ್ನಾಗಿ ಒರೆಸಿಟ್ಟೆ. ಅವಳಿಗೆ ಎಷ್ಟು ಖುಷಿಯಾಗುತ್ತದೆ ಎಂದುಕೊಂಡು ಮಲಗಿದೆ.

ಮರುದಿನ ಗೇಟು ತೆಗೆದಿತ್ತು, ಕೆಲಸಕ್ಕೆ ಹೋಗಿ ಬಂದೆ. ಕಾಫಿ ಲೋಟ ಹಿಡಿದು ಕೇಳಿದೆ. ಮಂಗಳಾ ಬಾಗಿಲಿಗೆ ಒರಗಲಿಲ್ಲ. "ನಿಮ್ಮ ಹುಳ ಮಂಚದ ಕೆಳಗೆ ಹೋಗಿ ನಿಂತ್ಕೊಂಡ್ತು," ಎಂದು ಒಳಗೆ ಹೋದಳು. ಅದರ ಮರುದಿನವೂ ಮಂಚದ ಕೆಳಗೇ. ನನ್ನ ಹುಳದ ನಿಜವಾದ ಬುದ್ಧಿ ಇಷ್ಟೇ ಆಗಿತ್ತು; ಬಿಸಿಲಿನಿಂದ ನೇರ ಕತ್ತಲಿಗೆ ಹೋಗಿ ಸಿಕ್ಕಿಕೊಳ್ಳುವುದು. ಅದಕ್ಕಿಂತ ಹೆಚ್ಚಾಗಿ ನನ್ನ ಕಿವಿಗೆ ಬಿದ್ದದ್ದು "ನಿಮ್ಮ" ಎಂಬುದು. ಬೇರೆ ಏನೂ ಇಲ್ಲವಾ ಎಂದು ಒಂದು ಸಂಜೆ ಕೇಳಿಯೇಬಿಟ್ಟೆ.

"ಅದರ ಪಾಡಿಗೆ ಅದು ಹೋಯ್ತದೆ ಕಣ್ರೀ," ಎಂದಳು. "ನಾನೇನ್ ಹೇಳಲಿ? ನನ್ನ ಕೈ ಬೇಕಾಗಿಲ್ಲ ಅದ್ಕೆ."

ಮತ್ತೆ "ಊಟ?" "ಹ್ಞೂಂ" ಶುರುವಾಯಿತು. "ಸಾರಿಗೆ ಉಪ್ಪು ಸಾಕಾ?" ಎಂದದ್ದು ಕೇಳಿದ ದಿನ ನನಗೆ ನಿದ್ದೆ ಬರಲಿಲ್ಲ. ನಾನು ಅಷ್ಟು ಚೆನ್ನಾಗಿ ರಿಪೇರಿ ಮಾಡಿದ್ದೆ.

ಬೆಳಿಗ್ಗೆ ಎದ್ದು ಸ್ನಾನ ಮಾಡಿದೆ. ವಿಭೂತಿ ಗಟ್ಟಿಯನ್ನು ತೇದು ಹಣೆಗೆ ಇಟ್ಟುಕೊಂಡೆ. ಮಂಗಳಾ ಹಿತ್ತಲಲ್ಲಿ ನೀರು ಹಿಡಿಯುತ್ತಿದ್ದಳು. ಶೋಕೇಸು ತೆಗೆದು, ಬೆರಳಲ್ಲಿ ಉಳಿದದ್ದನ್ನೆಲ್ಲ ಹುಳದ ಬೆನ್ನಿಗೆ ಬಳಿದೆ. ಈ ಸಲ ಕಡ್ಡಿ ಗಿಡ್ಡಿ ಏನಿಲ್ಲ. ಒಂದು ಎಳೆ ಬೆಳಕೂ ಒಳಗೆ ಹೋಗದ ಹಾಗೆ ದಪ್ಪನಾಗಿ ಬಳಿದು, ಅದನ್ನು ಬಿಸಿಲಿನ ಜಾಗದಲ್ಲಿಟ್ಟು ಬಸ್ಸು ಹತ್ತಿದೆ. ದಿನವಿಡೀ ಗಡಿಯಾರ ನೋಡುತ್ತಿದ್ದೆ. ಸಾಹೇಬರು ಕರೆದಾಗಲೂ ಅಷ್ಟು ಹೆದರಿದವನಲ್ಲ ನಾನು.

ಸಂಜೆ ಬೂಟು ಬಿಚ್ಚಿ ಕೂತೆ. ಕಾಫಿ ಬಂತು. "ಹುಳ ಇವತ್ತು ಎಲ್ಲಿಗೆ ಹೋಗಿತ್ತು?" ಎಂದೆ. ಮಂಗಳಾ ಶೋಕೇಸಿನ ಕಡೆ ನೋಡಿದಳು, ನನ್ನ ಹಣೆ ನೋಡಿದಳು, ಆಮೇಲೆ ಲೋಟ ಹಿಡಿದಿದ್ದ, ಉಗುರಿನ ಸಂದಿಯಲ್ಲಿ ಇನ್ನೂ ವಿಭೂತಿ ಉಳಿದಿದ್ದ ನನ್ನ ಬೆರಳುಗಳನ್ನು ನೋಡಿದಳು. ನಾನು ಕಾಫಿಯ ಕಡೆಗೆ ನೋಡುತ್ತಾ ಕೂತೆ. ಅವಳು ಮೆಲ್ಲಗೆ ಬಂದು ಬಾಗಿಲಿಗೆ ಒರಗಿಕೊಂಡಳು.

"ಭಾಳ ದೂರ ಹೋಗಿದ್ದ ಕಣ್ರೀ ಇವತ್ತು," ಎಂದಳು. "ಹೊಸಲು ತಂಕ ಬಂದ. ದಾಟ್ಲೋ ಬೇಡ್ವೋ ಅಂತ ನಿಂತ."

"ನಿಂತು?" ಎಂದೆ.

ಅವಳು ಹೇಳಿದಳು. ಅಡುಗೆಮನೆಯಲ್ಲಿ ಸಾರು ಉಕ್ಕಿದರೂ ಇಬ್ಬರೂ ಏಳಲಿಲ್ಲ.

ಕಾರ್ಖಾನೆ ಆಮೇಲೂ ಕೆಲವು ವರ್ಷ ಕುಂಟುತ್ತಾ ನಡೆಯಿತು. ಅಲ್ಲಿ ನನಗೆ ಸಂಬಳ ಕೊಟ್ಟದ್ದು ನಿಂತದ್ದನ್ನು ಓಡಿಸುವುದಕ್ಕೆ. ನನ್ನ ಜನ್ಮದಲ್ಲಿ ನಾನು ಮನಸ್ಸಿಟ್ಟು ಮಾಡಿದ ಒಳ್ಳೆಯ ರಿಪೇರಿ ಮಾತ್ರ ಓಡುತ್ತಿದ್ದ ಒಂದನ್ನು ನಿಲ್ಲಿಸಿದ್ದು. ಮುಂದಿನ ಆಯುಧಪೂಜೆಯ ಮರುದಿನ ಪ್ಯಾಕಿಂಗ್ ಯಂತ್ರ ಎಂದಿನಂತೆ ಹೊರಡಲಿಲ್ಲ. ನನ್ನನ್ನು ಕರೆಸಿದರು. ಹೋಗಿ ನೋಡಿದರೆ ಗಾಜಿನ ಗುಂಡಿಯ ಮೇಲೆ ಗುಂಡನೆಯ ಕುಂಕುಮ. ಹುಡುಗರು ಭಾಷಣಕ್ಕೆ ಕಾಯುತ್ತಾ ಸುತ್ತ ನಿಂತಿದ್ದರು. ನಾನು ಒರೆಸಿದೆ, ಯಂತ್ರ ಓಡಿತು, ಯಾರಿಗೂ ಏನೂ ಹೇಳದೆ ಬಟ್ಟೆ ಮಡಚಿ ಜೇಬಿಗಿಟ್ಟುಕೊಂಡು ಬಂದೆ.